ವಕೀಲರ ಕಿವಿಗೆ ಮಾತ್ರ ಸಲ್ಲಬೇಕಾದ ಮಾತು

ಪುಣೆ ಕ್ಯಾಂಪ್: ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಈ ಊರಿಗೆ ಬಂದ ನಮ್ಮವರಿಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಇಂದಿಗೂ ಎದೆ ನಡುಗುತ್ತದೆ. ಊರಾದರೆ ಗೌಡರಿದ್ದಾರೆ, ಪಂಚಾಯತಿಯವರಿದ್ದಾರೆ, ನಾಲ್ಕು ಮಂದಿ ಬಂಧುಗಳಿದ್ದಾರೆ. ಇಲ್ಲಿ ಯಾರಿದ್ದಾರೆ? ಅಂಥ ಸಮಯದಲ್ಲಿ ಮೊದಲ ಫೋನು ಬರುವುದು ಕನ್ನಡ ಸಂಘದ ಪದಾಧಿಕಾರಿಗಳಿಗೆ. "ಸರ್, ನಮ್ಮ ಹುಡುಗನನ್ನು ಕರಕೊಂಡು ಹೋಗಿದ್ದಾರೆ, ಅವನಿಗೆ ಮರಾಠಿ ಬರೋದಿಲ್ಲ, ಒಂದಿಷ್ಟು ಬನ್ನಿ" ಎಂಬ ಮಾತು ಸಂಘದ ಕೆಲಸ ಮಾಡಿದವರಿಗೆಲ್ಲ ಪರಿಚಿತವೇ.

ಸುಮಾರು ಹದಿನೈದು ವರ್ಷಗಳ ಹಿಂದೆ ಇಂಥದ್ದೇ ಒಂದು ಫೋನು ನನಗೆ ಬಂತು. ಕ್ಯಾಂಪಿನ ಒಂದು ಹೋಟೆಲಿನಲ್ಲಿ ಅಡುಗೆಮನೆ ಕೆಲಸಕ್ಕಿದ್ದ ಬಿಜಾಪುರ ಕಡೆಯ ಇಪ್ಪತ್ತರ ಹುಡುಗ. ಮಧ್ಯಾಹ್ನ ಮೂರರಿಂದ ಐದರ ನಡುವೆ ಗಲ್ಲಾಪೆಟ್ಟಿಗೆಯಿಂದ ಹಣ ಹೋಗಿದೆ, ಆ ಹೊತ್ತಿನಲ್ಲಿ ಈತನೂ ಕಾಣಿಸಲಿಲ್ಲ, ಆದ್ದರಿಂದ ಇವನದೇ ಕೆಲಸ ಎಂಬುದು ದೂರು. ಪರಿಚಯದ ಮರಾಠಿ ವಕೀಲರೊಬ್ಬರು ಬಂದರು. ಹುಡುಗನ ಕನ್ನಡವನ್ನು ಅವರಿಗೆ, ಅವರ ಮರಾಠಿಯನ್ನು ಹುಡುಗನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಠಾಣೆಯ ಬೆಂಚಿನ ಮೇಲೆ ಮೂವರೂ ಕುಳಿತೆವು. ಎರಡು ಅಡಿ ದೂರದಲ್ಲಿ ಪೇದೆ ನಿಂತಿದ್ದ. ಬಾಗಿಲಲ್ಲಿ ಹೋಟೆಲ್ ಮಾಲಕರ ಕಡೆಯವರಿದ್ದರು. "ಮೂರು ಗಂಟೆಗೆ ಎಲ್ಲಿದ್ದೆ?" ಎಂದು ವಕೀಲರು ಕೇಳಿಸಿದರು. ಹುಡುಗ ತಲೆ ತಗ್ಗಿಸಿದ. ಮತ್ತೆ ಕೇಳಿದಾಗ ನನ್ನ ಕಡೆ ಬಾಗಿ, "ಅವ್ರೆಲ್ಲಾ ನಿಂತಾರಲ್ರೀ ಕಾಕಾ, ಹೆಂಗ ಹೇಳ್ಲಿ?" ಎಂದ. ವಕೀಲರು ಪೇದೆಯನ್ನು ತುಸು ಆಚೆ ಹೋಗುವಂತೆ ಕೇಳಿಕೊಂಡರು. "ಸಾಹೇಬರ ಆರ್ಡರ್ ಇಲ್ಲ" ಎಂಬ ಉತ್ತರ ಬಂತು. ಮಾತು ಅಲ್ಲಿಗೇ ನಿಂತಿತು. ಮರುದಿನ ಕೋರ್ಟಿನಲ್ಲಿ ವಕೀಲರಿಗೆ ಹೇಳಲು ಏನೂ ಇರಲಿಲ್ಲ. ಹುಡುಗ ಜೈಲಿಗೆ ಹೋದ.

ಕೆಲವು ದಿನಗಳ ನಂತರ ವಕೀಲರು ಅನುಮತಿ ಪಡೆದು ಜೈಲಿನ ಮುಲಾಖಾತಿಗೆ ನನ್ನನ್ನೂ ಕರೆದೊಯ್ದರು. ಅಲ್ಲಿ ಸಿಬ್ಬಂದಿ ದೂರದಲ್ಲಿ ಕುಳಿತಿದ್ದರು. ಕಾಣುತ್ತಿದ್ದರು, ನಮ್ಮ ಮಾತು ಅವರಿಗೆ ಕೇಳುವಂತಿರಲಿಲ್ಲ. ಹುಡುಗ ಬಾಯಿ ಬಿಟ್ಟ. ಆ ಮಧ್ಯಾಹ್ನ ಅವನು ಸ್ಟೇಷನ್ ಹತ್ತಿರದ ಬೇರೊಂದು ಹೋಟೆಲಿಗೆ ಕೆಲಸ ಕೇಳಲು ಹೋಗಿದ್ದ. ಅಲ್ಲಿನ ಮ್ಯಾನೇಜರ್ ಒಂದು ತಾಸು ಕೂರಿಸಿಕೊಂಡು ಮಾತಾಡಿಸಿದ್ದರು. ಹಳೆಯ ಮಾಲಕರಿಗೆ ತಿಳಿದರೆ ಎರಡು ತಿಂಗಳ ಬಾಕಿ ಸಂಬಳ ಹೋಗುತ್ತದೆಂಬ ಭಯದಿಂದ ಠಾಣೆಯಲ್ಲಿ ಅವನು ಸುಮ್ಮನಿದ್ದ.

ನೂರಾ ಮೂವತ್ತು ವರ್ಷ ಹಿಂದಿನ ಸಾಲು

ವಕೀಲರ ಬಳಿ ಏಕಾಂತದಲ್ಲಿ ಮಾತಾಡುವುದು ಯಾರೋ ಮಾಡುವ ಉಪಕಾರವಲ್ಲ. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯ 40ನೇ ಕಲಂ ಇದನ್ನು ಹೇಳಿತ್ತು. ನ್ಯಾಯದ ಹಿತಕ್ಕೆ ಧಕ್ಕೆಯಾಗದಂತೆ, ವಿಚಾರಣಾಧೀನ ಕೈದಿಯು ತನ್ನ ವಕೀಲನನ್ನು ಬೇರೆ ಯಾರ ಹಾಜರಿಯೂ ಇಲ್ಲದೆ ಕಾಣಲು ಅವಕಾಶವಿರಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಯೆರವಡಾ ಜೈಲು ಕಟ್ಟಿದ್ದು 1871ರಲ್ಲಿ. ಅದಾದ ಕಾಲು ಶತಮಾನದೊಳಗೇ ಪರಕೀಯ ಸರಕಾರವೂ ಇಷ್ಟನ್ನು ಒಪ್ಪಿಕೊಂಡಿತ್ತು ಎಂಬುದು ಗಮನಾರ್ಹ.

ಸಂವಿಧಾನದ 22(1)ನೇ ವಿಧಿ ಬಂಧಿತನಿಗೆ ತನ್ನ ಇಷ್ಟದ ವಕೀಲರೊಡನೆ ಸಮಾಲೋಚಿಸುವ ಹಕ್ಕು ಕೊಟ್ಟಿದೆ. ಆದರೆ ಪಕ್ಕದಲ್ಲಿ ಮೂರನೆಯವರು ಕಿವಿಗೊಟ್ಟು ನಿಂತಿದ್ದರೆ ಅದು ಸಮಾಲೋಚನೆ ಹೇಗಾದೀತು? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1981ರ ಜನವರಿ 13ರಂದು ಉತ್ತರ ಕೊಟ್ಟಿತು.

ಫ್ರಾನ್ಸಿಸ್ ಕೊರಾಲಿ ಮುಲಿನ್ ಎಂಬ ಬ್ರಿಟಿಷ್ ಮಹಿಳೆಯನ್ನು 1979ರಲ್ಲಿ ಕಾಫಿಪೋಸಾ ಕಾಯ್ದೆಯಡಿ ದೆಹಲಿಯ ತಿಹಾರ್ ಜೈಲಿನಲ್ಲಿ ಇಡಲಾಗಿತ್ತು. ಆಕೆ ತನ್ನ ವಕೀಲರನ್ನು ಕಾಣಬೇಕಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ದಿನ ಗೊತ್ತು ಮಾಡಿಸಬೇಕು, ಭೇಟಿಯ ಹೊತ್ತಿಗೆ ಕಸ್ಟಮ್ಸ್ ಅಧಿಕಾರಿ ಹಾಜರಿರಬೇಕು ಎಂಬುದು ಷರತ್ತು. ಅಧಿಕಾರಿಗೆ ಪುರುಸೊತ್ತಿಲ್ಲದಿದ್ದರೆ ಭೇಟಿಯೇ ಇಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಮತ್ತು ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ ಅವರಿದ್ದ ಪೀಠ ಈ ಷರತ್ತುಗಳನ್ನು ತಳ್ಳಿಹಾಕಿತು. ವಕೀಲರ ಭೇಟಿ ಯಾವುದೇ ಸೂಕ್ತ ಸಮಯದಲ್ಲಿ ಆಗಬಹುದು. ಅಗತ್ಯವೆನಿಸಿದರೆ ಅಧಿಕಾರಿ ಅದನ್ನು ನೋಡುತ್ತಿರಬಹುದು, ಆದರೆ ಮಾತು ಕೇಳಿಸುವಷ್ಟು ಹತ್ತಿರ ಇರುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಕಣ್ಣಿಗೆ ಕಾಣಲಿ, ಕಿವಿಗೆ ಬೀಳದಿರಲಿ ಎಂಬ ಈ ನಿಯಮ ವಿಶ್ವಸಂಸ್ಥೆಯ 2015ರ ನೆಲ್ಸನ್ ಮಂಡೇಲಾ ನಿಯಮಗಳಲ್ಲಿಯೂ ಇದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 1991ರಲ್ಲಿ ಸ್ವಿಟ್ಜರ್‌ಲೆಂಡಿನ ಪ್ರಕರಣವೊಂದರಲ್ಲಿ ಇದೇ ಮಾತು ಹೇಳಿತು.

ಗೋಪ್ಯತೆಗೆ ಧಕ್ಕೆ ಬಂದರೆ ನಷ್ಟ ಏನೆಂದು ಕೆಲವರು ಕೇಳುತ್ತಾರೆ. ಪೊಲೀಸ್ ವಶದಲ್ಲಿದ್ದಾಗ ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆ ಹೇಗೂ ಸಾಕ್ಷ್ಯವಾಗಿ ನಿಲ್ಲುವುದಿಲ್ಲವಲ್ಲ ಎಂಬುದು ಅವರ ವಾದ. ಆದರೆ ಇಸ್ಪೀಟಿನಲ್ಲಿ ಎದುರಾಳಿಯ ಕೈಯೆಲೆ ನೋಡಿ ಆಡಿದಂತೆ ಆಗುತ್ತದೆ. ಆರೋಪಿಯ ಪರ ಸಾಕ್ಷಿ ಯಾರು, ಅವನು ಎಲ್ಲಿದ್ದಾನೆ, ವಕೀಲರ ವಾದದ ದಾರಿ ಯಾವುದು ಎಂದು ಮೊದಲೇ ತಿಳಿದರೆ ಆಟ ಅಲ್ಲಿಗೇ ಮುಗಿಯಿತು. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಹುಡುಗನಂತೆ ಆರೋಪಿ ಬಾಯಿಯನ್ನೇ ಬಿಡದಿರುವುದು. ವಿಷಯ ತಿಳಿಯದ ವಕೀಲ ರೋಗ ಗೊತ್ತಿಲ್ಲದ ವೈದ್ಯನಿದ್ದಂತೆ.

ಠಾಣೆಯಲ್ಲಿ ಏನು ಹಕ್ಕು?

ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿ ಅವರ ಪ್ರಕರಣದಲ್ಲಿ 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ವಿಚಾರಣೆಯ ಹೊತ್ತಿನಲ್ಲಿ ವಕೀಲರು ಹತ್ತಿರವಿರಬೇಕೆಂಬ ಕೋರಿಕೆಯನ್ನು ಪೊಲೀಸರು ಮನ್ನಿಸಬೇಕೆಂದು ಹೇಳಿದರು. 1996ರ ಡಿ.ಕೆ. ಬಸು ಪ್ರಕರಣದ 11 ಸೂಚನೆಗಳಲ್ಲಿ, ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, ಆದರೆ ವಿಚಾರಣೆಯ ಉದ್ದಕ್ಕೂ ಅವರು ಕೂರುವಂತಿಲ್ಲ ಎಂಬುದೂ ಒಂದು. ಇದು 2010ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 41-ಡಿ ಕಲಮಾಗಿ ಜಾರಿಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಆಗಿದೆ.

ಈ 38ನೇ ಕಲಮಿನಲ್ಲಿ ಭೇಟಿಯ ಮಾತಿದೆ, ಏಕಾಂತದ ಮಾತು ಬಿಡಿಸಿ ಬರೆದಿಲ್ಲ. ಜೈಲಿನಲ್ಲಿ ಸಿಗುವ ಅಂತರ ಠಾಣೆಯ ಬೆಂಚಿನ ಮೇಲೆ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಅದನ್ನು ಕೇಳಿ ಪಡೆಯಬೇಕಾಗುತ್ತದೆ. ಇಷ್ಟಾದರೂ ಎಲ್ಲ ಬಾಗಿಲೂ ತೆರೆದಿವೆ ಎಂದಲ್ಲ. ದೆಹಲಿಯ ಜೈಲುಗಳಲ್ಲಿ ವಕೀಲರ ಭೇಟಿಯೂ ಸೇರಿ ವಾರಕ್ಕೆ 2 ಭೇಟಿ ಎಂಬ ಮಿತಿಯನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು.

ಇದು ದೊಡ್ಡವರ ಸಮಸ್ಯೆ ಎಂದು ಭಾವಿಸಬೇಕಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ಕನ್ನಡ ನಾಡಿನ ಎರಡು ನೆನಪು

ತುರ್ತು ಪರಿಸ್ಥಿತಿಯಲ್ಲಿ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಎಸ್.ಎನ್. ಮಿಶ್ರಾ ಹಾಗೂ ಮಧು ದಂಡವತೆ ಅವರನ್ನು ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇರಿಸಲಾಯಿತು. ಜೈಲಿನಿಂದಲೇ ಅವರ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು. ಅವರಿಗಾಗಿ ಓಡಾಡಿದ ವಕೀಲ ಎಂ. ರಾಮಾ ಜೋಯಿಸ್ ಅವರೇ ಆಮೇಲೆ ಅದೇ ಜೈಲು ಸೇರಿದರು. ಮುಂದೆ ಅವರು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯಾದರು, ರಾಜ್ಯಪಾಲರೂ ಆದರು. ಆ ಜೈಲು ಇಂದು ಫ್ರೀಡಂ ಪಾರ್ಕ್ ಆಗಿದೆ.

ಎರಡನೆಯದು ನಮ್ಮ ಬ್ಯಾಂಕಿನವರೆಲ್ಲ ಮರೆಯದ ನಕಲಿ ಸ್ಟಾಂಪ್ ಪೇಪರ್ ಹಗರಣ. ಬೆಳಗಾವಿ ಜಿಲ್ಲೆ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಬೆಂಗಳೂರಿನ ಜೈಲಿನಿಂದ ನಮ್ಮ ಯೆರವಡಾಕ್ಕೆ ಬಂದ, ಪುಣೆಯ ವಿಶೇಷ ನ್ಯಾಯಾಲಯ 2007ರಲ್ಲಿ ಆತನಿಗೆ 13 ವರ್ಷ ಶಿಕ್ಷೆ ವಿಧಿಸಿತು. ಆತನನ್ನು ಮಂಪರು ಪರೀಕ್ಷೆಗೆ ಒಳಪಡಿಸಿದ್ದು ಬೆಂಗಳೂರಿನಲ್ಲಿ. ಆ ಪರೀಕ್ಷೆಯ ದೃಶ್ಯಗಳು ಟಿವಿ ಚಾನೆಲುಗಳಲ್ಲಿ ಬಂದಿದ್ದನ್ನು ಮನೆಮಂದಿಯೆಲ್ಲ ಕುಳಿತು ನೋಡಿದ್ದೇವೆ. ಆತ ತಪ್ಪಿತಸ್ಥನೇ ಇರಬಹುದು. ಆದರೆ ವಶದಲ್ಲಿರುವ ಮನುಷ್ಯನ ಬಾಯಿಂದ ಔಷಧ ಕೊಟ್ಟು ಹೊರಡಿಸಿದ ಮಾತು ಸಂಜೆಯ ಮನರಂಜನೆಯಾಯಿತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಕೂಡದೆಂದು ತೀರ್ಪಿತ್ತಿತು. ಸುಳ್ಳುಪತ್ತೆ ಪರೀಕ್ಷೆಗೆ ಒಪ್ಪುವವನಿಗೂ ಮೊದಲು ವಕೀಲರ ಭೇಟಿಗೆ ಅವಕಾಶವಿರಬೇಕೆಂಬ ಮಾನವ ಹಕ್ಕುಗಳ ಆಯೋಗದ ಮಾರ್ಗಸೂಚಿಯನ್ನು ಪಾಲಿಸಬೇಕೆಂದಿತು.

ಗೋಡೆಗೂ ಕಿವಿ

ಪೇದೆ ದೂರ ಸರಿದರೆ ಸಾಕೆಂಬ ಕಾಲ ಈಗ ಹೋಗಿದೆ. ಠಾಣೆಗಳಲ್ಲಿ ಹೊಡೆತ-ಬಡಿತ ತಪ್ಪಿಸಲು 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಕ್ಯಾಮೆರಾ ಇರಬೇಕು, ಚಿತ್ರದ ಜತೆ ಧ್ವನಿಯೂ ದಾಖಲಾಗಬೇಕು ಎಂದು ಆದೇಶಿಸಿತು. ಆದೇಶ ಬಂಧಿತರ ರಕ್ಷಣೆಗೇ ಬಂದದ್ದು, ಸ್ವಾಗತಾರ್ಹ. ಆದರೆ ಅದೇ ಕ್ಯಾಮೆರಾದಡಿ ವಕೀಲರೊಡನೆ ಆಡಿದ ಮಾತೂ ದಾಖಲಾಗಬಹುದೆಂಬ ಎಚ್ಚರ ನಮಗಿರಬೇಕು.

ಫೋನಿನ ವಿಷಯವೂ ಅಷ್ಟೆ. ಅಮೆರಿಕದಲ್ಲಿ ಜೈಲುಗಳಿಗೆ ಫೋನ್ ಸೇವೆ ಕೊಡುವ ಕಂಪನಿಯೊಂದರ ಸುಮಾರು 7 ಕೋಟಿ ಕರೆಗಳ ದಾಖಲೆ 2015ರಲ್ಲಿ ಸೋರಿಕೆಯಾದಾಗ, ಅದರಲ್ಲಿ ಕೈದಿಗಳು ವಕೀಲರಿಗೆ ಮಾಡಿದ ಕನಿಷ್ಠ 14 ಸಾವಿರ ಕರೆಗಳೂ ಇದ್ದವೆಂದು ವರದಿಯಾಗಿತ್ತು. ನಮ್ಮಲ್ಲಿ 2019ರಲ್ಲಿ ಪೆಗಾಸಸ್ ಬೇಹುಗಾರಿಕೆಯ ಬಗ್ಗೆ ವಾಟ್ಸಾಪ್ ಎಚ್ಚರಿಕೆ ಕೊಟ್ಟಾಗ, ಪುಣೆಯಲ್ಲಿ ದಾಖಲಾದ ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿಗಳ ಪರ ವಕೀಲರೊಬ್ಬರು ತಮಗೂ ಆ ಸಂದೇಶ ಬಂದಿದೆ ಎಂದು ಬಹಿರಂಗವಾಗಿ ಹೇಳಿದ್ದರು. ಆರೋಪಿಗಳ ರಾಜಕೀಯ ಯಾವುದೇ ಇರಲಿ, ವಕೀಲರ ಫೋನು ಸುರಕ್ಷಿತವಾಗಿಲ್ಲವೆಂದರೆ ಯಾವ ಕಕ್ಷಿದಾರನೂ ಸುರಕ್ಷಿತನಲ್ಲ.

ಹಾಗೆಂದು ಈ ರಕ್ಷಣೆ ಕಳ್ಳತನಕ್ಕೆ ಹೊದಿಕೆಯಲ್ಲ. 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ, ಕಕ್ಷಿದಾರನ ಒಪ್ಪಿಗೆಯಿಲ್ಲದೆ ವಕೀಲರು ಅವನ ಮಾತು ಹೊರಗೆಡಹಬಾರದು ಎನ್ನುತ್ತದೆ. ಮುಂದೆ ಮಾಡಲಿರುವ ಅಕ್ರಮಕ್ಕಾಗಿ ಆಡಿದ ಮಾತಿಗೆ, ಹಾಗೂ ವಕಾಲತ್ತು ವಹಿಸಿಕೊಂಡ ಮೇಲೆ ನಡೆದ ಅಪರಾಧ ಅಥವಾ ಮೋಸ ವಕೀಲರ ಗಮನಕ್ಕೆ ಬಂದರೆ ಅದಕ್ಕೆ ಈ ರಕ್ಷಣೆ ಇಲ್ಲ. 2025ರಲ್ಲಿ ಜಾರಿ ನಿರ್ದೇಶನಾಲಯ ಹಿರಿಯ ವಕೀಲರಿಗೇ ಸಮನ್ಸ್ ಕಳಿಸಿದಾಗ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡು ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಹೇಳಿದ ಈ ವಿನಾಯಿತಿಗಳ ಹೊರತು ಕಕ್ಷಿದಾರನ ವಿಷಯ ತಿಳಿಯಲು ವಕೀಲರನ್ನು ಕರೆಸುವಂತಿಲ್ಲ, ಕರೆಸುವುದಾದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಒಪ್ಪಿಗೆ ಬೇಕು ಎಂಬುದು ಅದರ ಸಾರ.

ದುಭಾಷಿಗೂ ಬೀಗ

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ಜೈಲಿನಿಂದ ಬಂದ ವಾರದಲ್ಲೇ ನಮ್ಮ ಬಳಗದ ಸಭೆಯಿತ್ತು. ಸಭೆ ಮುಗಿದು ಚಹಾ ಕುಡಿಯುವಾಗ ಇಬ್ಬರು ಗೆಳೆಯರು, "ಆ ಹುಡುಗ ಏನಂದ ಮಾರಾಯರೇ?" ಎಂದು ಕೇಳಿದರು. ಹುಡುಗ ನಿರಪರಾಧಿ ಎಂಬ ಸಂತೋಷದಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೋಟೆಲಿನ ಹೆಸರನ್ನೂ ಹೇಳಿದೆ. ಕೇಳಿದವರಲ್ಲಿ ಒಬ್ಬರಿಗೆ ಹಳೆಯ ಮಾಲಕರ ಪರಿಚಯವಿತ್ತು. ಎರಡು ದಿನದಲ್ಲಿ ಮಾತು ಅಲ್ಲಿಗೆ ಮುಟ್ಟಿತು. ವಕೀಲರು ಮ್ಯಾನೇಜರನ್ನು ಕಾಣಲು ಹೋದಾಗ, "ಅಂಥ ಹುಡುಗ ಬಂದ ನೆನಪೇ ನನಗಿಲ್ಲ" ಎಂದರಂತೆ. ಒಂದೇ ಬಜಾರಿನವರು, ನಾಳೆ ಮುಖ ನೋಡಬೇಕಾದವರು. ಜಾಮೀನು ಮತ್ತೆ ಮೂರು ವಾರ ತಡವಾಯಿತು.

ವಕೀಲರು ನನ್ನನ್ನು ಬೈಯಲಿಲ್ಲ. ಸಾಕ್ಷ್ಯ ಕಾಯ್ದೆಯ ಪುಸ್ತಕ ತೆಗೆದು 127ನೇ ಕಲಂ ತೋರಿಸಿದರು. ವಕೀಲರನ್ನು ಕಟ್ಟುವ ಗೋಪ್ಯತೆ ಅವರ ಗುಮಾಸ್ತರಿಗೂ, ದುಭಾಷಿಗೂ ಅನ್ವಯಿಸುತ್ತದೆ ಎಂದು ಅಲ್ಲಿ ಬರೆದಿತ್ತು. ಈಗ ಅದು ಹೊಸ ಅಧಿನಿಯಮದ 132ನೇ ಕಲಮಿನಲ್ಲೇ ಸೇರಿದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ವಾಣಿಜ್ಯ ಕಾನೂನು ಕಲಿತವನು ನಾನು. ಗ್ರಾಹಕರ ಖಾತೆಯ ವಿಷಯ ಹೊರಗೆ ಆಡುವುದಿಲ್ಲವೆಂದು ಬ್ಯಾಂಕಿಗೆ ಸೇರಿದ ದಿನ ಸಹಿ ಮಾಡಿಕೊಟ್ಟವನು. ಹೆಂಡತಿಗೂ ಯಾರ ಬ್ಯಾಲೆನ್ಸು ಎಷ್ಟೆಂದು ಹೇಳಿದವನಲ್ಲ. ಆದರೂ ಒಬ್ಬ ಬಡ ಹುಡುಗನ ಪ್ರಾಣದಂಥ ಮಾತನ್ನು ಒಂದು ಕಪ್ ಚಹಾಕ್ಕೆ ಕೊಟ್ಟುಬಿಟ್ಟಿದ್ದೆ. ಪೇದೆ ಕದ್ದು ಕೇಳಿದ್ದರೆ ಆಗಬಹುದಾಗಿದ್ದ ನಷ್ಟವನ್ನು ನಾನೇ ಮಾಡಿದ್ದೆ.

ಕೇಸು ಮುಂದೆ ನಿಲ್ಲಲಿಲ್ಲ. ಹುಡುಗ ಊರಿಗೆ ಹೊರಟುಹೋದ. ಹೋಗುವಾಗ ನನಗೆ ಹೇಳಿ ಹೋಗಲಿಲ್ಲ.

ಸಂಘದವರು ಗಮನಿಸಬೇಕಾದ್ದು

ನಮ್ಮ ಸಂಘ-ಸಂಸ್ಥೆಗಳು ರಾಜ್ಯೋತ್ಸವ, ಹಳದಿ-ಕುಂಕುಮ, ವಿದ್ಯಾರ್ಥಿವೇತನಗಳನ್ನು ಚೆನ್ನಾಗಿಯೇ ನಡೆಸುತ್ತಿವೆ. ಇದರ ಜತೆ, ಕಷ್ಟದಲ್ಲಿ ಠಾಣೆಗೆ ಹೋಗುವ ಸದಸ್ಯರು ಈ ಕೆಲವು ಮಾತು ನೆನಪಿಡುವುದು ಒಳ್ಳೆಯದು.

ಮೊದಲನೆಯದು ಭಾಷೆ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ನವೆಂಬರ್ 6ರಂದು ನಮ್ಮ ಮಹಾರಾಷ್ಟ್ರದ್ದೇ ಆದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಕಾರಣವನ್ನು ಅವನ ಭಾಷೆಯಲ್ಲಿ ಬರೆದೇ ಕೊಡಬೇಕು, ಕೂಡಲೇ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ತಾಸು ಮೊದಲಾದರೂ ಕೊಡಬೇಕು ಎಂದಿತು. ಕನ್ನಡ ಮಾತ್ರ ಬಲ್ಲವನಿಗೆ ಮರಾಠಿ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದು ಎಂದಾಯಿತು.

ಎರಡನೆಯದು ವಕೀಲರು. ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ವಶದಲ್ಲಿರುವ ವ್ಯಕ್ತಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು, ಸಹಾಯವಾಣಿ 15100. ಮೊದಲ ಬಾರಿ ಹಾಜರುಪಡಿಸಿದಾಗಲೇ ಈ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು 2012ರಲ್ಲಿ ಕಸಾಬನ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಯೆರವಡಾದಲ್ಲಿ ಗಲ್ಲಿಗೇರಿದ ಭಯೋತ್ಪಾದಕನ ತೀರ್ಪಿನಲ್ಲೇ ಬಡ ಆರೋಪಿಗೆ ಉಪಯೋಗವಾಗುವ ಮಾತೂ ಇದೆ.

ಮೂರನೆಯದು ಜಾಗ. ಮಾತು ಕೇಳಿಸದಷ್ಟು ದೂರ ಸರಿಯುವಂತೆ ವಕೀಲರೇ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಲಿ. ಒಪ್ಪದಿದ್ದರೆ ಕೇಸಿನ ಒಳಗುಟ್ಟನ್ನು ಅಲ್ಲಿ ಎತ್ತದೆ, ವಿಷಯವನ್ನು ಮ್ಯಾಜಿಸ್ಟ್ರೇಟರ ಗಮನಕ್ಕೆ ತರಲಿ. ಫೋನಿನಲ್ಲಿ ಕ್ಷೇಮ ಸಮಾಚಾರ, ಬಟ್ಟೆ-ಔಷಧದ ಮಾತು ಸಾಕು.

ಕೊನೆಯದು ನಾವೇ. ದುಭಾಷಿಯಾಗಿ ಹೋಗುವವರು ವಕೀಲರ ಜತೆ, ಅವರ ಕಡೆಯವರಾಗಿ ಹೋಗಬೇಕು. ಆಡಿದ್ದನ್ನು ಆಡಿದಂತೆ ದಾಟಿಸಬೇಕು, ಕೂಡಿಸಬಾರದು, ಕಳೆಯಬಾರದು. ಹೊರಗೆ ಬಂದ ಮೇಲೆ ಮನೆಯವರು, ಮಾಲಕರು, ಅಧ್ಯಕ್ಷರು, ಯಾರೇ ಕೇಳಿದರೂ "ವಕೀಲರನ್ನು ಕೇಳಿ" ಎಂಬ ಒಂದೇ ಉತ್ತರ ಕೊಡಬೇಕು.

ಈಗಲೂ ನನಗೆ ಅಂಥ ಫೋನು ಬರುತ್ತದೆ. ಹೋಗುತ್ತೇನೆ. ಹಿಂದಿರುಗಿದಾಗ ಗೆಳೆಯರು, "ಏನಂದ?" ಎಂದು ಕೇಳುತ್ತಾರೆ. "ಊಟ ಮಾಡಿದ್ದಾನಂತೆ, ಆರೋಗ್ಯವಾಗಿದ್ದಾನೆ" ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ. ಬಿಜಾಪುರದ ಆ ಹುಡುಗನಿಗೆ ನಾನು ತೀರಿಸಬೇಕಾದ ಬಾಕಿ ಅಷ್ಟಾದರೂ ಕಡಿಮೆಯಾದೀತು.